ತೊಟ್ಟಿಲು ಟ್ರಾಲಿಗೆ ನಂಬರು ಬಂದದ್ದು

ಕಮಲಾಪುರದ ಬಸ್ ನಿಲ್ದಾಣದಲ್ಲಿ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ "ಕೆಂಪು ಬಾಳೆ ಹೆಂಗರೀ?" ಎಂದು ಕೇಳಿದವರಿಗೆ ಶಾರದಾಬಾಯಿ ದರ ಹೇಳುವುದಕ್ಕಿಂತ ಮೊದಲು ತಾನೇ ಒಂದು ಪ್ರಶ್ನೆ ಹಾಕುತ್ತಾಳೆ. "ಇವತ್ತೇ ತಿಂತೀರೋ, ನಾಳೆ ತಿಂತೀರೋ?" ಇವತ್ತು ತಿನ್ನುವವರಿಗೆ ಒಂದು ಚಿಪ್ಪು, ನಾಳೆ ತಿನ್ನುವವರಿಗೆ ಬೇರೊಂದು. ಕಂಡಕ್ಟರ್ ಎಷ್ಟೇ ಸೀಟಿ ಊದಲಿ, ಅವಳು ಅವಸರ ಮಾಡುವವಳಲ್ಲ. ಬೀದರಿಗೆ ಹೊರಟವನೊಬ್ಬ ಒಮ್ಮೆ "ಯಾವುದರೆ ಕೊಡವಾ" ಅಂದದ್ದಕ್ಕೆ, "ಯಾವುದರೆ ತಿನ್ನೋದಿದ್ರ ಮುಂದಿನ ಸ್ಟಾಪಿನಾಗ ಬಿಸ್ಕೀಟ್ ಸಿಗ್ತಾವ ನೋಡ್ರಿ" ಎಂದು ಬುಟ್ಟಿಯ ಮೇಲೆ ಬಟ್ಟೆ ಮುಚ್ಚಿದಳಂತೆ. ನಾನು ಕಣ್ಣಾರೆ ಕಂಡದ್ದಲ್ಲ. ಆದರೆ ಅವಳನ್ನು ಬಲ್ಲ ಯಾರೂ ಇದು ಸುಳ್ಳೆನ್ನುವುದಿಲ್ಲ.

ಆ ಹಣ್ಣು ಅವಳ ಮನೆಯ ಹೊಲದ್ದು. ಅವಳ ಹೊಲದ್ದು ಎಂದು ಮಾತ್ರ ಹೇಳುವ ಹಾಗಿಲ್ಲ. ಹೊಲ ಗಂಡ ದೌಲಪ್ಪ ಮತ್ತು ಅವನ ತಮ್ಮಂದಿರ ಹೆಸರಿನಲ್ಲಿದೆ, ಮನೆ ಅತ್ತೆಯ ಹೆಸರಿನಲ್ಲಿ. ಟ್ರ್ಯಾಕ್ಟರು ದೌಲಪ್ಪನದು. ಅವಳು ದಿನಾ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವ ಫೋನಿನ ಸಿಮ್ ಕೂಡ ಮಗ ಮಲ್ಲುವಿನ ಹೆಸರಿನಲ್ಲಿ. ಇದರಲ್ಲಿ ಯಾರ ಕುಟಿಲವೂ ಇರಲಿಲ್ಲ ಬಿಡಿ. ದೌಲಪ್ಪ ಹೆಂಡತಿಯ ಮಾತು ಮೀರುವ ಪೈಕಿ ಅಲ್ಲ, ಅತ್ತೆಯೂ ಗಟ್ಟಿ ಮಾತಿನ, ಮೆತ್ತನೆ ಮನಸ್ಸಿನ ಹೆಂಗಸು. ಸುಮ್ಮನೆ ಹಾಗೇ ನಡೆದುಬಂದಿತ್ತು. ಯಾವ ಕಾಗದ ಬಂದರೂ ಶಾರದಾಬಾಯಿ ಅದರಲ್ಲಿ ಯಾರದೋ ಹೆಂಡತಿ, ಯಾರದೋ ತಾಯಿ. ಅವಳಿಗೆ ಅದರ ಬಗ್ಗೆ ಬೇಜಾರೂ ಇರಲಿಲ್ಲ, ವಿಚಾರವೂ ಇರಲಿಲ್ಲ.

ಅವಳಿಗಿದ್ದ ಬೇಜಾರು ಬೇರೆಯದು. ಕೆಂಪು ಬಾಳೆ ನೋಡಲು ಗಟ್ಟಿಮುಟ್ಟು, ಒಳಗೆ ಬಲು ನಾಜೂಕು. ಒಂದು ಗೊನೆ ಇನ್ನೊಂದಕ್ಕೆ ಉಜ್ಜಿದರೆ ಸಾಕು, ಮರುದಿನಕ್ಕೆ ಆ ಜಾಗ ಕಪ್ಪಾಗಿ ಕೂತಿರುತ್ತದೆ. ಬುಟ್ಟಿಯಲ್ಲಿ ಮಾರುವಷ್ಟು ಮಾರಿ, ಉಳಿದದ್ದನ್ನು ಅವಳು ಕಲಬುರಗಿಯ ಸೇಡಂ ರಸ್ತೆಯ ಹಣ್ಣಿನಂಗಡಿಯ ವಿವೇಕಾನಂದನಿಗೆ ಕಳಿಸುತ್ತಿದ್ದಳು. ಟೆಂಪೋದಲ್ಲಿ ಒಂದರ ಮೇಲೊಂದು ಹೇರಿ ಕಳಿಸಿದ ಹಣ್ಣು ಅಲ್ಲಿ ಮುಟ್ಟುವಷ್ಟರಲ್ಲಿ ಪೆಟ್ಟು ತಿಂದ ಮುಖ ಮಾಡಿಕೊಂಡಿರುತ್ತಿತ್ತು. "ಅಕ್ಕೋರ, ರುಚಿ ಮಾತ್ರ ಅಮೃತರೀ. ಆದ್ರ ಗಿರಾಕಿ ಮೊದಲು ಕಣ್ಣಿಲೆ ತಿಂತಾನ" ಎಂದು ಅವನು ಅರ್ಧ ಹಣ್ಣು ವಾಪಸು ಕಳಿಸುತ್ತಿದ್ದ. ಅವನದೂ ತಪ್ಪಿರಲಿಲ್ಲ. ಆದರೆ ವಾಪಸು ಬಂದ ಹಣ್ಣನ್ನು ಅವಳು ಒಂದೊಂದಾಗಿ ತಿರುವಿ ನೋಡುತ್ತ ಕೂರುತ್ತಿದ್ದಳು.

ಈ ಸಂಕಟವನ್ನು ಅವಳು ಹೇಳಿಕೊಳ್ಳುತ್ತಿದ್ದದ್ದು ಶಫಿಯ ಎದುರು. ಶಫಿಯ ವೆಲ್ಡಿಂಗ್ ಅಂಗಡಿ ಬಸ್ ನಿಲ್ದಾಣದ ಮಗ್ಗುಲಿಗೇ ಇದೆ. ಮದುವೆಯಾಗಿ ಬಂದ ಹೊಸತರಲ್ಲಿ ಬಿಸಿಲಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಸೊಸೆಯನ್ನು ನೋಡಿ, "ಇಲ್ಲಿ ನೆರಳಿಗಿ ಬಾ ತಂಗಿ, ಬಾಳಿಹಣ್ಣ ಬಿಸಿಲಿಗಿ ಕುದಿತಾವ, ನೀನೂ ಕುದಿತಿ" ಎಂದು ತನ್ನ ಅಂಗಡಿಯ ತಗಡಿನ ಚಪ್ಪರದಡಿ ಕರೆದವನು ಅವನು. ಅಂದಿನಿಂದ ಆ ಮೂಲೆ ಅವಳದೇ. ಬಾಡಿಗೆಯ ಮಾತು ಅವನ ಬಾಯಿಂದ ಒಮ್ಮೆಯೂ ಬಂದಿಲ್ಲ. ರಮಜಾನಿನಲ್ಲಿ ಅವನ ಮನೆಗೆ ಒಳ್ಳೆಯ ಗೊನೆ ಹೋಗುವುದೂ, ಯುಗಾದಿಗೆ ಅವನು ಬಂದು ಹೋಳಿಗೆ ಉಂಡು ಹೋಗುವುದೂ ಯಾರೂ ಹೇಳಿ ಮಾಡಿಸಿದ್ದಲ್ಲ.

ಆ ದಿನವೂ ವಾಪಸು ಬಂದ ಹಣ್ಣಿನ ಮುಂದೆ ಅವಳು ತಲೆಗೆ ಕೈಕೊಟ್ಟು ಕೂತಿದ್ದಳು. ಮನೆಯಲ್ಲಿ ಮೊಮ್ಮಗಳು ಹುಟ್ಟಿದ ಹೊಸತು, ತೊಟ್ಟಿಲ ಗುಂಗೇ ತಲೆಯಲ್ಲಿತ್ತು. ಇದ್ದಕ್ಕಿದ್ದಂತೆ ತಲೆ ಎತ್ತಿ ಹೇಳಿದಳು:

"ಶಫಿ ಅಣ್ಣ, ಕೂಸಿಗಿ ಚೀಲದಾಗ ತುಂಬಿ ಒಯ್ತೀವೇನು? ತೊಟ್ಟಿಲದಾಗ ಹಾಕ್ತೀವಿ. ತೂಗ್ತದ, ಆದ್ರ ಎಲ್ಲೂ ಬಡಿಯಂಗಿಲ್ಲ. ಗೊನಿಗೂ ಹಂಗೇ ಮಾಡಿದ್ರ?"

ಶಫಿ ಬೀಡಿ ಕೆಳಗಿಟ್ಟ. "ಫಿರ್ ಸೇ ಬೋಲ್" ಎಂದ. ಅವಳು ಮತ್ತೊಮ್ಮೆ ಹೇಳಿದಳು. ಅವನು ಎದ್ದು ಸುಣ್ಣದ ಕಡ್ಡಿ ತಂದು ಅಂಗಡಿಯ ನೆಲದ ಮೇಲೆ ಗೆರೆ ಎಳೆಯಲು ಕೂತ.

ಇಲ್ಲೊಂದು ಮಾತು ಹೇಳಬೇಕು. ಅದಕ್ಕೆ ಸ್ವಲ್ಪ ಮೊದಲು ಶಫಿ ಸೇಡಂ ರಸ್ತೆಯ ಆಸ್ಪತ್ರೆಯೊಂದಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಬಂದಿದ್ದ. ಕಣ್ಣಿನ ನರಗಳು ಸೋತಿವೆ, ಹೋದ ನೋಟ ಮರಳುವುದಿಲ್ಲ, ಇದ್ದಷ್ಟನ್ನು ಕಾಪಾಡಿಕೊಳ್ಳಬೇಕು, ಇನ್ನು ಈ ಕೆಲಸ ಸಾಕು ಎಂದು ಡಾಕ್ಟರು ಬಿಡಿಸಿ ಹೇಳಿದ್ದರು. ಅವನು ಅದನ್ನು ಶಾರದಾಬಾಯಿಗೆ ಹೇಳಿದ್ದು ನೆಲದ ಮೇಲೆ ಟ್ರಾಲಿಯ ಗೆರೆಗಳೆಲ್ಲ ಮೂಡಿದ ಮೇಲೆ. "ಇದೊಂದು ಮಾಡಿ ಮಶೀನು ಮಾರತೀನಿ. ಇದು ನನ್ನ ಆಖ್ರೀ ಕೆಲಸ." ಬೇಡ, ಬಿಡು ಎಂದಳು. ಅವನು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಕೂಲಿಯ ಮಾತು ತೆಗೆದಾಗ ಅವನು ಸಿಟ್ಟಿಗೇ ಬಂದ. "ಕೂಲಿ ಬ್ಯಾಡ. ಒಂದ್ ಮಾತು ಕೊಡು. ಇದರ ಕಾಗದ ನಿನ್ನ ಹೆಸರಿಗೇ ಆಗಬೇಕು. ದೌಲಪ್ಪಂದೂ ಅಲ್ಲ, ಮಲ್ಲೂಂದೂ ಅಲ್ಲ."

"ನನ್ನ ಹೆಸರಿಗಿ ಮಾಡಿ ಏನ್ ಮಾಡೋದದ ಅಣ್ಣ?" ಅವಳು ನಕ್ಕಳು.

"ನಮ್ಮ ಅಮ್ಮಾ ಉಮರ್ ಪೂರಾ ಹೊಲಿಗಿ ಮಶೀನಿನ ಮ್ಯಾಲ ಕುಂತು ನಮ್ಮನ್ನ ಸಾಕಿದಳು. ಮಶೀನಿನ ರಸೀದಿ ಅಬ್ಬಾನ ಹೆಸರಿಲೆ ಇತ್ತು. ಆಕಿ ಸಾಯೋ ತನಕಾ 'ಅಬ್ಬಾನ ಮಶೀನು' ಅಂತಿದ್ದಳು. ಅದು ನನಗ ಇನ್ನಾ ಚುಚ್ಚತದ." ಅವನು ಸುಣ್ಣದ ಕೈ ಒರೆಸಿಕೊಂಡ. "ನಿನ್ನ ಹೆಸರಿಗಿ ಬಂದ ಮ್ಯಾಲ ಏನ್ ಆಗ್ತದ ಅಂತ ನಿನಗೇ ತಿಳೀತದ. ಮಾತು ಕೊಡು."

ಅವಳು ಮಾತು ಕೊಟ್ಟಳು.

ಟ್ರಾಲಿ ತಯಾರಾಯಿತು. ಗುಜರಿಯಿಂದ ತಂದ ಹಳೆಯ ಟ್ರಾಲಿಯೊಂದರ ಅಡಿಪಟ್ಟಿ, ಗಾಲಿ. ಅದರ ಮೇಲೆ ಪೈಪುಗಳ ಎತ್ತರದ ಚೌಕಟ್ಟು. ಅಡ್ಡಪೈಪುಗಳಿಂದ ಗೊನೆಗಳು ಒಂದೊಂದಾಗಿ ತೂಗುವ ಹಾಗೆ ಕೊಂಡಿ, ಪ್ರತಿ ಗೊನೆಗೂ ಅದರದೇ ಖಾನೆ. ಖಾನೆಗಳಿಗೆಲ್ಲ ಶಾರದಾಬಾಯಿಯ ಅತ್ತೆ ತನ್ನ ಹಳೆಯ ಕೌದಿಗಳನ್ನು ಹರಿದು ಮೆತ್ತೆ ಹೊಲಿದುಕೊಟ್ಟಳು. ಒಂದು ನಟ್ಟಿಲ್ಲ, ಬೋಲ್ಟಿಲ್ಲ. ಬೋಲ್ಟು ಎಂದರೆ ಶಫಿಗೆ ಆಗಿಬರುತ್ತಿರಲಿಲ್ಲ. ಬೋಲ್ಟು ಬಿಗಿಯುವುದು ವೆಲ್ಡಿಂಗ್ ಬರದವರ ಕೆಲಸ ಎಂದು ಅವನ ಖಡಕ್ ಅಭಿಪ್ರಾಯ. ಅಡಿಯಿಂದ ತುದಿಯವರೆಗೆ ಎಲ್ಲವೂ ಒಂದೇ ಮೈಯಾಗಿ ಬೆಸೆದಿತ್ತು. ಕೆಲಸ ಮುಗಿದ ದಿನ ಅವನು ಮಶೀನು ಮಾರಿ, ಅಂಗಡಿಯ ಕದ ಎಳೆದು, ಹೊರಗೆ ಬಾಜು, ಅಂದರೆ ಹಗ್ಗದ ಮಂಚ, ಹಾಕಿಕೊಂಡು ಕೂತ. ಊರವರು ಅದಕ್ಕೆ ತೊಟ್ಟಿಲು ಟ್ರಾಲಿ ಎಂದು ಹೆಸರಿಟ್ಟರು.

ಇನ್ನು ನೋಡಿ ದೌಲಪ್ಪನ ಕಾರುಬಾರು. ಆ ಮನೆಯಲ್ಲಿ ಒಂದು ಪದ್ಧತಿ. ಗಾಲಿ ಇರುವ ಯಾವುದೇ ಹೊಸ ವಸ್ತು ಬಂದರೂ ಅದರ ಮೊದಲ ಹೇರು ಕಲಬುರಗಿಯ ಶರಣಬಸವೇಶ್ವರನ ದಾಸೋಹಕ್ಕೆ ಮುಟ್ಟಬೇಕು. ಅಜ್ಜನ ಎತ್ತಿನ ಬಂಡಿ ಹೋಗಿತ್ತು, ಟ್ರ್ಯಾಕ್ಟರು ಹೋಗಿತ್ತು. ಮಲ್ಲು ಸಣ್ಣವನಿದ್ದಾಗ ಅವನ ಸೈಕಲ್ಲೂ ಕ್ಯಾರಿಯರಿನಲ್ಲಿ ಜೋಳದ ಗಂಟು ಕಟ್ಟಿಕೊಂಡು ಬಸ್ಸಿನ ಟಾಪಿನ ಮೇಲೆ ಹೋಗಿಬಂದಿತ್ತು. ಟ್ರಾಲಿಗೆ ಮೊದಲು ನಂಬರು ಮಾಡಿಸೋಣ ಎಂದು ಶಾರದಾಬಾಯಿ ಅಂದದ್ದಕ್ಕೆ ದೌಲಪ್ಪ ಸೊಂಟಕ್ಕೆ ಟವೆಲ್ ಬಿಗಿದು, "ಮೊದಲು ಶರಣಪ್ಪ, ಆಮ್ಯಾಲ ಸರಕಾರ" ಎಂದುಬಿಟ್ಟ. ಅವಳಿಗೂ ಅದು ಸರಿ ಅನ್ನಿಸಿತು. ಸುಳ್ಳೇಕೆ ಹೇಳಲಿ, ಅಲ್ಲಿದ್ದರೆ ನನಗೂ ಸರಿ ಅನ್ನಿಸುತ್ತಿತ್ತು.

ಗೊನೆಗಳು ಕೌದಿಯ ಖಾನೆಗಳಲ್ಲಿ ತೂಗುತ್ತ ಹೊರಟವು. ಗಾಲಿಗೆ ನಿಂಬೆಹಣ್ಣು, ಕೊಂಡಿಗೆ ವಿಭೂತಿ, ಮುಂದೆ ಚೆಂಡುಹೂವಿನ ಹಾರ. ಮಹಾಗಾಂವ ದಾಟಿ ನಗರ ಹತ್ತಿರವಾದಾಗ ರಸ್ತೆಯ ಪಕ್ಕ ಸಾರಿಗೆ ಇಲಾಖೆಯ ಜೀಪು ನಿಂತಿತ್ತು. ಅದರ ಮುಂದೆ ಮೋಟಾರು ವಾಹನ ಇನ್‌ಸ್ಪೆಕ್ಟರ್ ಮಂಜುಷಾ ಮೇಡಂ. ಕೈ ಎತ್ತಿದರು. ದೌಲಪ್ಪ ಅವರಿಗೆ ಕೈ ಮುಗಿದು ಮುಂದೆ ಹೋಗುವುದರಲ್ಲಿದ್ದ.

"ನಿಲ್ಲಸ್ರೀ! ಟ್ರಾಲಿ ನಂಬರ್ ಎಲ್ಲದ?"

"ದೇವರಿಗಿ ಹೊಂಟದರಿ ಮೇಡಂ."

"ದೇವರಿಗೆ ಹೋಗ್ಲಿ. ನಂಬರ್ ಎಲ್ಲದ?"

"ದೇವರ ಕಡಿಂದ ಬಂದ ಮ್ಯಾಲ ಮಾಡಸ್ತೀವ್ರಿ."

ಮೇಡಂ ಅವನ ಮುಖ ನೋಡಿದರು. ಚೇಷ್ಟೆ ಮಾಡುತ್ತಿದ್ದಾನೋ ಎಂದು ನೋಡಿದರು. ಪಾಪ, ಅವನ ಮುಖದಲ್ಲಿ ಚೇಷ್ಟೆಯ ಸುಳಿವೇ ಇರಲಿಲ್ಲ. ಆಮೇಲೆ ಹಿಂದೆ ಹೋಗಿ ಟ್ರಾಲಿಯ ಒಳಗೆ ಇಣುಕಿದವರು "ಅಗ ಬಾಈ!" ಎಂದು ಗಲ್ಲಕ್ಕೆ ಕೈ ಇಟ್ಟುಕೊಂಡರು. ಅವರದು ಮರಾಠಿ, ಕನ್ನಡ ಎರಡೂ ಆಡುವ ಮನೆ. "ಇದೇನ್ರೀ, ಬಾಳೆಹಣ್ಣಿಗೆ ಪಾಳಣಾ ಕಟ್ಟೀರಿ! ಅದೂ ಕೌದಿ ಹಾಸಿ!"

"ತೊಟ್ಟಿಲರೀ" ಎಂದಳು ಶಾರದಾಬಾಯಿ ಟ್ರ್ಯಾಕ್ಟರಿನಿಂದ ಇಳಿಯುತ್ತ.

ಮೇಡಂ ಕೂಗಾಡಲಿಲ್ಲ, ಬಿಡಲೂ ಇಲ್ಲ. ನಂಬರಿಲ್ಲದ, ಇನ್ಶೂರೆನ್ಸ್ ಇಲ್ಲದ ಟ್ರಾಲಿ ಹೆದ್ದಾರಿಯಲ್ಲಿ ಯಾರಿಗಾದರೂ ಬಡಿದರೆ ಬಡಿಸಿಕೊಂಡವರ ಗತಿ ಏನು ಎಂದು ಕೇಳಿದರು. ಕೊನೆಗೆ ತಾವೇ ಒಂದು ಆಟೋ ನಿಲ್ಲಿಸಿ, "ದೇವರದು ದೇವರಿಗೆ ಮುಟ್ಟಿಸ್ರಿ. ಟ್ರಾಲಿ ಮಾತ್ರ ನಮ್ಮ ಆಫೀಸಿನಾಗ ಇರ್ಲಿ" ಎಂದರು. ಹಾಗಾಗಿ ಆ ಮನೆಯ ಚರಿತ್ರೆಯಲ್ಲೇ ಮೊದಲ ಸಲ ಶರಣಪ್ಪನ ಹೇರು ಆಟೋದಲ್ಲಿ ಹೋಯಿತು. ದೌಲಪ್ಪ ತೊಡೆಯ ಮೇಲೊಂದು, ಹೆಗಲಿಗೊಂದು ಗೊನೆ ಇಟ್ಟುಕೊಂಡು, ಮುಖ ಊದಿಸಿಕೊಂಡು ಕೂತಿದ್ದ.

ಇಲಾಖೆಯವನೊಬ್ಬ ಟ್ರ್ಯಾಕ್ಟರು ನಡೆಸಿದ, ಶಾರದಾಬಾಯಿ ಜೊತೆಗೆ ಆರ್‌ಟಿಓ ಕಚೇರಿಗೆ ಹೋದಳು. ಮೇಡಂ ಕುರ್ಚಿ ತೋರಿಸಿ, ನೀರು ತರಿಸಿ, ಬಿಡಿಸಿ ಹೇಳಿದರು.

"ನೋಡ್ರಿ ಬಾಯಿ, ಮನೆಯಾಗ ಮಾಡಿದ್ದು ಅಂತ ನಾನು ಬ್ಯಾಡ ಅನ್ನೋದಿಲ್ಲ. ಮೇಲಿನ ಕಟ್ಟು ಭಾಳ ಛಂದ ಅದ, ಅದು ಇರ್ಲಿ. ಆದ್ರ ಕೆಳಗಿನ ಅಡಿಪಟ್ಟಿ, ಈ ಚಾಸಿಗೆ ಹುಟ್ಟಿಲ್ಲ, ಊರಿಲ್ಲ. ಒಪ್ಪಿಗೆ ಇರೋ ಕಾರ್ಖಾನೆಯ ಚಾಸಿ ತಗೋರಿ. ಅದಕ್ಕ ನಂಬರು ಹೊಡೆದಿರ್ತಾರ, ಕಾಗದ ಕೊಡ್ತಾರ. ಅದರ ಮ್ಯಾಲ ಇದನ್ನ ಕೂಡಿಸ್ರಿ, ವಿಮೆ ಮಾಡಿಸ್ರಿ, ತಂದು ತೋರಿಸ್ರಿ. ನಾನೇ ಪಾಸ್ ಮಾಡ್ತೀನಿ."

"ಕೂಡಿಸ್ಬೇಕಂದ್ರ… ಇದನ್ನ ಕೊಯ್ಯಬೇಕೇನ್ರಿ ಮೇಡಂ?"

"ಕೆಳಗಿಂದ ಬಿಡಿಸಬೇಕಲ್ಲ, ಕೊಯ್ಯಬೇಕಾಗ್ತದ."

ಶಾರದಾಬಾಯಿ ಕುರ್ಚಿಯಿಂದ ಎದ್ದುಬಿಟ್ಟಳು. ಶಫಿಯ ಕಡೆಯ ಕೆಲಸ. ಕೊಯ್ಯುವಾಗ ಏನಾದರೂ ಹೆಚ್ಚುಕಡಿಮೆಯಾದರೆ ಮತ್ತೆ ಮಾಡಿಕೊಡಲು ಅವನಿಗೆ ಕಣ್ಣಿಲ್ಲ, ಮಶೀನೂ ಇಲ್ಲ. ಅದನ್ನು ಅವನಿಗೆ ಯಾವ ಬಾಯಿಂದ ಹೇಳುವುದು? ಹೇಳಲಿಲ್ಲ.

ಅಲ್ಲಿಂದ ಸುಳ್ಳುಗಳ ಸರದಿ ಶುರುವಾಯಿತು. ದಿನಾ ಬೆಳಿಗ್ಗೆ ಅವಳು ಬುಟ್ಟಿ ಇಳಿಸುವ ಸದ್ದಿಗೆ ಬಾಜಿನ ಮೇಲಿಂದ ಶಫಿ ಕೇಳುತ್ತಿದ್ದ, "ನಂಬರ್ ಬಂತೇನು ತಂಗಿ?" ಒಂದು ದಿನ ದೌಲಪ್ಪನ ಆಧಾರ್ ಕಾರ್ಡು ಸಿಗುತ್ತಿಲ್ಲ ಎಂದಳು. ಮತ್ತೊಂದು ದಿನ ಅತ್ತೆಗೆ ಕಾಲು ನೋವು, ಬಿಟ್ಟು ಹೋಗಲಾಗಲಿಲ್ಲ ಎಂದಳು. ಅದೇ ಹೊತ್ತಿಗೆ ಆ ಅತ್ತೆ ಎದುರಿನ ರಸ್ತೆ ದಾಟಿ ಟರ್ರ್ ಟರ್ರ್ ಎಂದು ಚಪ್ಪಲಿ ಎಳೆಯುತ್ತ ಕಿರಾಣಿ ಅಂಗಡಿಗೆ ಹೊರಟಿದ್ದಳು. ಶಫಿಗೆ ಅಷ್ಟು ದೂರ ಕಾಣುತ್ತಿರಲಿಲ್ಲ. ಆದರೆ ಆ ಚಪ್ಪಲಿಯ ಸದ್ದು ಇಡೀ ಕಮಲಾಪುರಕ್ಕೆ ಗೊತ್ತು. ಶಾರದಾಬಾಯಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕೊಯ್ಯದೆ ಉಳಿಸಿಕೊಳ್ಳುವ ದಾರಿ ಇದೆಯೇ ಎಂದು ಅವಳು ಮತ್ತೆ ಮತ್ತೆ ನಗರಕ್ಕೆ ಹೋದಳು. ಒಮ್ಮೆ ಚಹಾದಂಗಡಿಯಲ್ಲಿ ಬಿಳಿ ಅಂಗಿಯ ಒಬ್ಬಾತ ತಾನಾಗಿ ಮಾತಿಗೆ ಬಂದ. ಅವನು ಯಾವ ಕಚೇರಿಯವನೂ ಅಲ್ಲ, ಎಲ್ಲ ಕಚೇರಿಗಳ ಎದುರೂ ಇರುವವನು.

"ಯಾಕ್ರಿ ಕೊಯ್ಯೋದು ಗಿಯ್ಯೋದು? ಒಂದು ಹಳೀ ಟ್ರಾಲಿ ಅದ. ಟ್ರಾಲಿ ಗುಜರಿಗಿ ಹೋಗ್ಯಾದ, ಕಾಗದ ಜೀವಂತ ಅದ. ಅದರ ನಂಬರು ನಿಮ್ಮ ಪಟ್ಟಿ ಮ್ಯಾಲ ಹೊಡೆದು ಕೊಡ್ತೀನಿ. ಒಂದು ಪೈಪ್ ಸುದ್ದಾ ಮುಟ್ಟೋದು ಬ್ಯಾಡ."

"ಹೆಸರು?"

"ಕಾಗದದಾಗ ಆ ಮಾಲೀಕಂದೇ ಇರ್ತದ. ಯಾರು ಕೇಳ್ತಾರ ಬಿಡ್ರಿ."

ಅವಳು ಸಟ್ಟನೆ ಎದ್ದುಬಂದಳು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಅವಳು ಎದ್ದುಬರಲಿಲ್ಲ. ಚಹಾ ಆರುವ ತನಕ ಕೂತು ವಿಚಾರ ಮಾಡಿದಳು. ಒಂದು ಕಡೆ ಶಫಿಯ ಕೆಲಸ, ಒಂದು ಕಡೆ ಶಫಿಗೆ ಕೊಟ್ಟ ಮಾತು. "ಮನ್ಯಾಗ ಕೇಳಿ ಹೇಳ್ತೀನಿ" ಎಂದು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅಳು ಬರುವ ಹಾಗಾಗಿತ್ತು.

ಮರುದಿನ ಬುಟ್ಟಿ ಇಳಿಸಿದಾಗ ಬಾಜಿನ ಮೇಲೆ ಶಫಿ ಇರಲಿಲ್ಲ. ಏನಾಯಿತೆಂದು ಅವಳಿಗೆ ತಕ್ಷಣ ಹೊಳೆಯಿತು. ಹಿಂದಿನ ಸಂಜೆ ಅವಳಿಂದ ಎಲ್ಲ ಕೇಳಿಕೊಂಡ ದೌಲಪ್ಪ ಶಫಿಯ ಹತ್ತಿರ ಚಹಾ ಕುಡಿಯಲು ಹೋಗಿದ್ದ. ಫೋನು ಹಚ್ಚಿ ಕೇಳಿದರೆ, "ಬಾಯಿ ತಪ್ಪಿ ಬಂತು" ಎಂದು ಅವನು ತಡವರಿಸಿದ. ಕೊಯ್ಯುವ ಮಾತು, ಬಿಳಿ ಅಂಗಿಯವನ ಮಾತು, ಎರಡೂ ಒಂದೇ ಕಪ್ಪಿನ ಚಹಾದಲ್ಲಿ ಹೊರಬಿದ್ದಿದ್ದವು.

ಶಾರದಾಬಾಯಿ ಬುಟ್ಟಿಯನ್ನು ಅಲ್ಲೇ ಬಿಟ್ಟು ಶಫಿಯ ಮನೆಗೆ ಓಡಿದಳು. ಅವನು ಅಂಗಳದಲ್ಲಿ ಗೋಡೆಗೆ ಒರಗಿ ಕೂತಿದ್ದ. ಹೆಜ್ಜೆಯ ಸದ್ದಿಗೇ ಮುಖ ಬೇರೆ ಕಡೆ ತಿರುಗಿಸಿದ.

"ನನ್ನ ಕಣ್ಣ ಹೋಗ್ಯಾವ ತಂಗಿ, ಅಕಲ್ ಹೋಗಿಲ್ಲ."

"ತಪ್ಪಾಯ್ತು ಅಣ್ಣ. ನಿನ್ನ ಕೆಲಸಕ್ಕ ಗ್ಯಾಸ್ ಹಚ್ಚಿ ಕೊಯ್ತಾರಂತ… ನನಗ ನಿನಗ ಹೇಳ್ಲಾಕ ಆಗ್ಲಿಲ್ಲ."

"ಏನ್ ಕೊಯ್ತಾರ? ಕೆಳಗಿಂದೇನು ನಾ ಮಾಡೀನಾ? ಗುಜರಿ ಮಾಲು! ಯಾವನೋ ಮಾಡಿದ್ದು, ಯಾವನೋ ಮುರಿದಿದ್ದು. ನಾ ಮಾಡಿದ್ದು ತೊಟ್ಟಿಲು. ತೊಟ್ಟಿಲಕ್ಕ ಹೊಸಾ ಕಾಲು ಬರ್ತಾವ ಅಂದ್ರ ಹಬ್ಬ ಮಾಡಬೇಕು, ನೀ ಹೆಣದ ಮುಂದ ಕುಂತಂಗ ಕುಂತಿ." ಅವನ ದನಿ ಏರಿತು. "ಮತ್ತ ಅಂವ ಯಾವಂವ ಬಿಳಿ ಅಂಗಿಯಾಂವ? ಮತ್ತೊಬ್ಬಂದು ನಂಬರ್ ಹಾಕ್ಕೊಂಡ್ರ ನಿನ್ನ ಹೆಸರೆಲ್ಲಿ ಬಂತು? ನಾ ಅಷ್ಟೂ ದಿನ ಕಣ್ಣಾಗ ಎಣ್ಣಿ ಬಿಟ್ಕೊಂಡು ಮಾಡಿದ್ದು ಅದಕ್ಕೇನು?"

ಶಾರದಾಬಾಯಿ ಅವನ ಪಕ್ಕ ನೆಲದ ಮೇಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವನ ಸಿಟ್ಟಿನ ಭಯಕ್ಕಲ್ಲ. ಇಷ್ಟು ವರ್ಷ ಅವನ ಚಪ್ಪರದ ನೆರಳಲ್ಲಿ ಕೂತ ತನಗೆ ಅವನ ಮನಸ್ಸು ತಿಳಿಯಲಿಲ್ಲವಲ್ಲ ಎಂಬ ಸಂಕಟಕ್ಕೆ. ಶಫಿ ಅವಳ ಕಡೆ ಮುಖ ತಿರುಗಿಸಿ, "ಬುಟ್ಟಿ ಯಾರ ಹಂತ್ಯಾಕ ಬಿಟ್ಟು ಬಂದಿ?" ಎಂದು ಕೇಳಿದ. "ಯಾರ ಹತ್ರನೂ ಇಲ್ಲ" ಎಂದಳು. "ಹಂಗಿದ್ರ ಅಳೋದು ಸಾಕು, ಎದ್ದೇಳು. ಆಡು ತಿಂತಾವ."

ದಂಡ ಕಟ್ಟಿ, ಕಾರ್ಖಾನೆಗೆ ಬಿಟ್ಟು ಬೇರೆಲ್ಲೂ ಓಡಿಸುವುದಿಲ್ಲ ಎಂದು ಬರೆದುಕೊಟ್ಟು, ಟ್ರಾಲಿಯನ್ನು ಕಚೇರಿಯಿಂದ ಬಿಡಿಸಿಕೊಂಡು ನಗರದ ಅಮರನಾಥನ ಟ್ರಾಲಿ ಕಾರ್ಖಾನೆಗೆ ಒಯ್ದರು. ಅಮರನಾಥ ಒಪ್ಪಿಗೆ ಇರುವ ಚಾಸಿ ಮಾಡುವವನು, ಮಾತು ಕಡಿಮೆ. ಶಫಿಯೂ ಹಟ ಹಿಡಿದು ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತು ಬಂದಿದ್ದ. ಅವನು ಬಗ್ಗಿ, ಪೈಪು ಪಟ್ಟಿಗೆ ಸೇರಿದ ಜಾಗವನ್ನು ಬೆರಳಿನಿಂದ ತಡವುತ್ತ ಹೋದ. ಕಾರ್ಖಾನೆಯ ಕೆಲಸಗಾರ ತಾರಿಖ್ ಅವನ ಬೆರಳಿದ್ದಲ್ಲೆಲ್ಲ ಸುಣ್ಣದ ಗುರುತು ಹಾಕುತ್ತ ಹಿಂದೆ ಬಂದ.

ಗ್ಯಾಸ್ ಕಟರ್ ಹೊತ್ತಿಕೊಂಡಾಗ ಶಾರದಾಬಾಯಿ ಕಣ್ಣು ಮುಚ್ಚಿಕೊಂಡಳು. ಶಫಿ ಮುಚ್ಚಿಕೊಳ್ಳಲಿಲ್ಲ, ಆ ಬೆಳಕಿನ ಕಡೆಗೇ ಮುಖ ಮಾಡಿ ನಿಂತಿದ್ದ. ಎಲ್ಲ ಕಡೆಯೂ ಕೊಯ್ದಾದ ಮೇಲೆ ಸರಪಳಿ ಕಟ್ಟಿ ಮೇಲೆತ್ತಿದರು. ಪೈಪಿನ ಚೌಕಟ್ಟು, ಕೊಂಡಿ, ಅತ್ತೆಯ ಕೌದಿ ಎಲ್ಲ ಸಮೇತ ತೊಟ್ಟಿಲು ಒಂದೇ ಮೈಯಾಗಿ ಮೇಲೆದ್ದಿತು. ಒಂದು ಪೈಪೂ ಬಾಗಲಿಲ್ಲ.

"ಬಿಟ್ಟಿತಾ?" ಶಫಿ ಕೇಳಿದ.

"ಬಿಟ್ಟಿತು ಅಣ್ಣ. ಹಂಗೇ ಅದ. ಇದ್ದಂಗೇ ಅದ."

ಹೊಸ ಚಾಸಿಯ ಮೇಲೆ ಬೋಲ್ಟು ಹಾಕಿ ಕೂಡಿಸುತ್ತೇನೆ, ನಾಳೆ ಏನಾದರೂ ಬಿಚ್ಚುವ ಹೊತ್ತು ಬಂದರೆ ಕೊಯ್ಯುವುದು ಬೇಡ ಎಂದು ಅಮರನಾಥ ಹೇಳಿದ. ಎಲ್ಲರೂ ಶಫಿಯ ಮುಖ ನೋಡಿದರು. ಅವನು ಗಡ್ಡ ಕೆರೆದುಕೊಂಡ. "ಹಾಕ್ರಿ ಬೋಲ್ಟು. ನಾ ಸೋತೆ" ಎಂದ. ದೌಲಪ್ಪ ಅದನ್ನು ಊರೆಲ್ಲ ಹೇಳಿಕೊಂಡು ತಿರುಗಿದ.

ತಪಾಸಣೆಯ ದಿನ ಮಂಜುಷಾ ಮೇಡಂ ಟೇಪು ಹಿಡಿದು ಅಳೆದರು, ಹಿಂದಿನ ದೀಪ ಹಚ್ಚಿಸಿ ನೋಡಿದರು, ಕೆಂಪು ರೇಡಿಯಂ ಪಟ್ಟಿ ಎಲ್ಲಿರಬೇಕೋ ಅಲ್ಲಿದೆಯೇ ನೋಡಿದರು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿಸಿದರು. ಅಂಕಿಗಳು ಒಂದೊಂದಾಗಿ ಮೂಡಿ ಬಂದವು. ಎಲ್ಲ ಮುಗಿದ ಮೇಲೆ ಒಂದು ಕೊಂಡಿ ಹಿಡಿದು ಮೆಲ್ಲಗೆ ತೂಗಿ ನೋಡಿದರು. ಅದು ತಪಾಸಣೆಗೆ ಸಂಬಂಧಪಟ್ಟದ್ದಲ್ಲ.

"ಯಾರ ಕೈ ಇದು?"

ಶಾರದಾಬಾಯಿ ಶಫಿಯ ಕಡೆ ಕೈ ಮಾಡಿದಳು. "ಕಣ್ಣು ಪೂರಾ ಹೋಗೋಕಿಂತ ಮೊದಲು ಮಾಡಿದ್ದರೀ" ಎಂದು ಶಫಿ ತಾನೇ ಹೇಳಿದ. ಮೇಡಂ ಕೊಂಡಿ ಬಿಟ್ಟು ಅವನ ಹತ್ತಿರ ಬಂದು, "ತಯಾರಿಸಿದವರು ಅನ್ನೋ ಜಾಗದಾಗ ಕಾರ್ಖಾನೆ ಹೆಸರೇ ಬರ್ತದ ಚಾಚಾ. ಅದು ನನ್ನ ಕೈಯಾಗಿಲ್ಲ" ಎಂದರು. "ಇರ್ಲಿ ಬೇಟಾ, ನೀ ಕೇಳಿದಿಯಲ್ಲ, ಅಷ್ಟು ಸಾಕು" ಎಂದ ಶಫಿ. ಶಾರದಾಬಾಯಿ ಆ ಹೊತ್ತಿಗೆ ದೀಪದ ತಂತಿ ಸುತ್ತಲು ಟ್ರಾಲಿಯ ಆ ಮಗ್ಗುಲಿಗೆ ಹೋಗಿದ್ದಳು. ಈ ಮಾತು ಅವಳ ಕಿವಿಗೆ ಬೀಳಲಿಲ್ಲ.

ಒಳಗೆ ಗುಮಾಸ್ತ ಸುಮಧ್ವ ಅರ್ಜಿಯನ್ನು ರೂಢಿಯಂತೆ ದೌಲಪ್ಪನ ಮುಂದೆ ಸರಿಸಿ, "ಮಾಲೀಕರು ಸಹಿ ಮಾಡ್ರಿ" ಎಂದರು. ದೌಲಪ್ಪ ಬಿಸಿ ತಟ್ಟೆ ಮುಟ್ಟಿದವನಂತೆ ಕೈ ಹಿಂದೆಳೆದುಕೊಂಡ.

"ನಾ ಬರೇ ಡ್ರೈವರ್ ರೀ. ಮಾಲೀಕರು ಅವ್ರು."

ಶಾರದಾಬಾಯಿ ಸಹಿ ಮಾಡಿದಳು. 'ಬಾಯಿ' ಗೆರೆಯಿಂದ ಸ್ವಲ್ಪ ಕೆಳಗಿಳಿಯಿತು. ದೌಲಪ್ಪ ಬಗ್ಗಿ ನೋಡಿ, "ಗೆರಿ ಮ್ಯಾಲ ಬರೀಬೇಕಿತ್ತು" ಎಂದ. ಅವಳು ಅವನನ್ನು ದುರುಗುಟ್ಟಿ ನೋಡಿದಳು. ಆದರೆ ಮನಸ್ಸಿನಲ್ಲಿ, ಇಂಥ ಗಂಡನನ್ನು ಕೊಟ್ಟದ್ದಕ್ಕೆ ಶರಣಪ್ಪನಿಗೊಂದು ಕೈ ಮುಗಿದಳು.

ನೋಂದಣಿಯ ಕಾರ್ಡು ಅಂಚೆಯಲ್ಲಿ ಬಂತು. ಅಂಗೈಯಗಲದ್ದು, ನುಣುಪಾದದ್ದು. ದೌಲಪ್ಪ ಮತ್ತೆ ಗಾಲಿಗೆ ನಿಂಬೆಹಣ್ಣು ಕಟ್ಟಿದ. ಟ್ರಾಲಿಯ ಹಿಂದೆ ಹೊಸ ನಂಬರು ಹೊಳೆಯುತ್ತಿತ್ತು. ಗೊನೆಗಳು ತೂಗಿದವು. ಬಸ್ ನಿಲ್ದಾಣ ದಾಟಿ ಕಲಬುರಗಿಯ ದಾರಿ ಹಿಡಿಯಬೇಕೆನ್ನುವಾಗ ಶಾರದಾಬಾಯಿ ಅವನ ಹೆಗಲು ತಟ್ಟಿದಳು.

"ಎಡಕ್ಕ ಹೊಳ್ಳಸ್ರಿ. ಮೊದಲ ಗೊನಿ ಶಫಿ ಅಣ್ಣನ ಮನಿಗಿ."

ದೌಲಪ್ಪ ಟ್ರ್ಯಾಕ್ಟರು ನಿಲ್ಲಿಸಿ ಯೋಚಿಸಿದ. ಪದ್ಧತಿಯ ಮಾತು. ಆಮೇಲೆ ಅವನ ಮುಖ ಅರಳಿತು. "ಶರಣಪ್ಪಂದು ಅವತ್ತೇ ಆಟೋದಾಗ ಮುಟ್ಟ್ಯಾದಲ್ಲ!" ಎಂದು ಗೇರು ಹಾಕಿದ.

ಅಂಗಳದಲ್ಲಿ ಅವಳು ಗೊನೆಯನ್ನು ಶಫಿಯ ಮಡಿಲಿಗಿಟ್ಟಳು. ಅವನು ಒಂದೊಂದೇ ಹಣ್ಣನ್ನು ತಡವಿ ನೋಡಿದ. ಎಲ್ಲೂ ಮೆತ್ತಗಾಗಿರಲಿಲ್ಲ. "ಕಾರ್ಡು ಎಲ್ಲದ? ಓದು" ಎಂದ. ಅವಳು ಏಳನೆಯ ಇಯತ್ತೆಯಲ್ಲಿ ಕಲಿತ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ನಂಬರು ಓದಿದಳು, ಚಾಸಿಯ ಅಂಕಿ ಓದಿದಳು. ಆಮೇಲೆ ಕಾರ್ಡು ತಿರುವಿ, ಗಂಟಲು ಸರಿಮಾಡಿಕೊಂಡು, "ತಯಾರಿಸಿದವರು, ಶಫಿ, ಕಮಲಾಪುರ" ಎಂದಳು.

ಶಫಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಸುಳ್ಳು ಹೇಳೋದು ನಿನಗ ಎಂದೂ ಬರಂಗಿಲ್ಲ ನೋಡು. ಅಲ್ಲಿ ಕಾರ್ಖಾನಿ ಹೆಸರು ಅದ. ಮೇಡಂ ನನಗ ಅವತ್ತೇ ಹೇಳ್ಯಾರ." ಅವಳು ನಾಚಿ ಸೆರಗು ಬಾಯಿಗಿಟ್ಟುಕೊಂಡಳು. "ಈ ಕಡೀದು ಬಿಡು. ಮುಂದಿನ ಕಡೀಗಿ ಹೊಳ್ಳಸು. ನಂಬರು ಓದಿದಿ, ಅಂಕಿ ಓದಿದಿ. ನಡುವ ಒಂದು ಸಾಲು ಬಿಟ್ಟಿ. ಮಾಲೀಕರು ಯಾರಂತ?"

ಶಾರದಾಬಾಯಿ ಕಾರ್ಡು ತಿರುವಿದಳು. ಆ ಸಾಲನ್ನು ಅವಳು ಬೇಕೆಂದೇ ಬಿಟ್ಟಿದ್ದಳು. ತನ್ನ ಹೆಸರನ್ನು ತಾನೇ ಗಟ್ಟಿಯಾಗಿ ಓದುವುದು ಒಂಥರಾ ಅನ್ನಿಸಿತ್ತು. ಈಗ ಅಕ್ಷರದ ಕೆಳಗೆ ಬೆರಳಿಟ್ಟಳು.

"ಶಾರದಾಬಾಯಿ."

"ಕೇಳ್ಸಲಿಲ್ಲ."

"ಶಾರದಾಬಾಯಿ ಅಣ್ಣ. ಶಾರದಾಬಾಯಿ ಅಂತ ಅದ." ಇಷ್ಟು ವರ್ಷ ಎಲ್ಲರೂ ಕರೆದ ಹೆಸರೇ. ಆದರೆ ಅದರ ಮುಂದೆ ಯಾರೂ ಇಲ್ಲದೆ ಮಾಲೀಕರ ಸಾಲಿನಲ್ಲಿ ಅದು ಹಾಗೆ ಕೂತದ್ದನ್ನು ಅವಳು ನೋಡಿರಲೇ ಇಲ್ಲ.

ಬಾಗಿಲಲ್ಲಿ ನಿಂತ ದೌಲಪ್ಪ, "ನಂದು ಎಲ್ಲೂ ಇಲ್ಲೇನು?" ಎಂದು ಕುತ್ತಿಗೆ ಚಾಚಿದ.

"ಅದ. ಅದರ ಕೆಳಗ, ಸಣ್ಣ ಅಕ್ಷರದಾಗ" ಎಂದಳು ಶಾರದಾಬಾಯಿ ಕಣ್ಣೊರೆಸಿಕೊಳ್ಳುತ್ತ.

ಶಫಿ ಗೊನೆಯಿಂದ ಒಂದು ಹಣ್ಣು ಮುರಿದು ಅವಳ ಕೈಯಲ್ಲಿಟ್ಟ. "ಈಗ ತಿಳೀತೇನು ತಂಗಿ, ಹೆಸರಿಗಿ ಮಾಡಿ ಏನ್ ಮಾಡೋದದ ಅಂತ?"

ಅವಳು ಬಗ್ಗಿ ಅವನ ಕಾಲು ಮುಟ್ಟಿದಳು.